ಮದ್ದು ಸಿಕ್ಕಿತಂತೆ ಮಾಷ್ಟ್ರೇ!

"ಮಾಷ್ಟ್ರೇ, ಪಾರ್ಕಿನ್ಸನ್ಸ್‌ಗೆ ಮದ್ದು ಸಿಕ್ಕಿತಂತೆ!" ಅಂತ ಆಗಾಗ ಯಾರಾದರೂ ಫೋನ್ ಮಾಡುತ್ತಾರೆ. ಕೆಲವರು ವಿಡಿಯೋ ಕಳಿಸುತ್ತಾರೆ. ಹೆಚ್ಚಿನವರು ನನ್ನ ಹಳೇ ವಿದ್ಯಾರ್ಥಿಗಳು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಗೆ ಬರುತ್ತಿದ್ದ ಹುಡುಗರು. ಈಗ ಅವರಲ್ಲಿ ಕೆಲವರು ತಾವೇ ಹೋಟೆಲ್ ಮಾಲೀಕರು. ನನಗೆ ಈ ನರರೋಗ ಇರುವುದು ಅವರಿಗೆ ಗೊತ್ತು, ಅವರ ಪ್ರೀತಿ ನನಗೆ ಗೊತ್ತು. ಒಬ್ಬೊಬ್ಬರಿಗೆ ಹೇಳುವಷ್ಟು ದನಿ ಈಗ ಇಲ್ಲ, ಅದಕ್ಕೆ ಎಲ್ಲರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಇದೆ, ಪುರುಸೊತ್ತಿದ್ದಾಗ ಓದಿ.

ಮದ್ದು ಸಿಕ್ಕಿ ಐವತ್ತು ವರ್ಷದ ಮೇಲಾಯಿತು. ರೋಗವನ್ನು ಬೇರುಸಮೇತ ಕೀಳುವ ಮದ್ದಲ್ಲ, ನಿಜ. ಆದರೆ ಎಬ್ಬಿಸಿ ಓಡಾಡಿಸುವ ಮದ್ದು. ಲಿವೋಡೋಪಾ ಅಂತ ಅದರ ಹೆಸರು. ಅದನ್ನೇ ನಾವು ನೆಟ್ಟಗೆ ಬಳಸುತ್ತಿಲ್ಲ. ನನ್ನ ತಕರಾರು ಅಷ್ಟೇ.

ನನಗೆ ಮೊದಲು ಕೈ ನಡುಗಲಿಲ್ಲ. ಅಕ್ಷರ ಚಿಕ್ಕದಾಯಿತು. ಬೋರ್ಡಿನ ಮೇಲೆ ದಪ್ಪಗೆ ಶುರುವಾದ ಸಾಲು ಕೊನೆ ಮುಟ್ಟುವಾಗ ಇರುವೆ ಸಾಲಿನ ಹಾಗೆ ಆಗುತ್ತಿತ್ತು. ಹಿಂದಿನ ಬೆಂಚಿನವರು "ಕಾಣಿಸಲ್ಲ ಸರ್" ಅನ್ನುತ್ತಿದ್ದರು. ಆಮೇಲೆ ಬ್ಯಾಂಕಿನಿಂದ ಚೆಕ್ ವಾಪಸ್ ಬಂತು, ಸಹಿ ಹೊಂದುವುದಿಲ್ಲವಂತೆ. ಹೋದರೆ ಕೌಂಟರಿನ ಹುಡುಗ, "ಕಾಕಾ, ಮೊದಲಿನ ಥರಾನೇ ಮಾಡಿ" ಅಂದ. ಮೊದಲಿನ ಥರ ಮಾಡುವಂತಿದ್ದರೆ ನಾನು ಅಲ್ಲಿಗೆ ಯಾಕೆ ಹೋಗುತ್ತಿದ್ದೆ? ಬಲಭುಜ ಹಿಡಿದುಕೊಂಡಿತು. ಮೂಳೆ ಡಾಕ್ಟರು ಫ್ರೋಜನ್ ಶೋಲ್ಡರ್ ಅಂದರು. ತುಂಬಾ ಜನ ಪಾರ್ಕಿನ್ಸನ್ಸ್ ರೋಗಿಗಳು ಮೊದಲು ಭುಜ ನೋವು ಅಂತಲೇ ಮೂಳೆ ಡಾಕ್ಟರ ಬಳಿ ಹೋಗುತ್ತಾರೆ ಅಂತ ಆಮೇಲೆ ತಿಳಿಯಿತು.

ಅದಕ್ಕೂ ಎಷ್ಟೋ ಮೊದಲೇ ಮೂಗು ಸೋತಿತ್ತು. ಮನೆಯಲ್ಲಿ ಒಣಮೀನು ಹುರಿದರೆ ಪಕ್ಕದ ಫ್ಲ್ಯಾಟಿನವರು ಬಾಗಿಲು ತಟ್ಟುತ್ತಿದ್ದರು, ನನಗೆ ಏನೂ ಗೊತ್ತಾಗುತ್ತಿರಲಿಲ್ಲ. ರಾತ್ರಿ ಕನಸಿನಲ್ಲಿ ಒದೆಯುವುದು, ಕೂಗುವುದು. ಮಲಬದ್ಧತೆ. ಇವೆಲ್ಲ ನಡುಕಕ್ಕಿಂತ ಹಲವು ವರ್ಷ ಮೊದಲೇ ಬರಬಹುದು. ಹಾಗಂತ ಮೂಗು ಕಟ್ಟಿದವರೆಲ್ಲ ಹೆದರಬೇಡಿ. ಇವು ಒಂದರ ಜೊತೆ ಒಂದು ಸೇರಿಕೊಂಡು ಬಂದರೆ ಮಾತ್ರ ನರರೋಗ ತಜ್ಞರಿಗೆ ಒಮ್ಮೆ ತೋರಿಸಿ.

ರೋಗ ಏನು ಅನ್ನುವುದನ್ನು ಸ್ವಲ್ಪದರಲ್ಲಿ ಹೇಳುತ್ತೇನೆ. ಮೆದುಳಿನ ಬುಡದ ಹತ್ತಿರ ಕಪ್ಪು ಬಣ್ಣದ ಒಂದು ಸಣ್ಣ ಭಾಗ ಇದೆ. ಅಲ್ಲಿನ ಜೀವಕೋಶಗಳು ಡೋಪಮೈನ್ ಅನ್ನುವ, ಮೈಯ ಚಲನೆಗೆ ಬೇಕಾದ ರಾಸಾಯನಿಕ ತಯಾರಿಸುತ್ತವೆ. ಅವು ಸಾಯುತ್ತಾ ಹೋದಂತೆ ಚಲನೆ ನಿಧಾನವಾಗುತ್ತದೆ, ಮೈ ಬಿಗಿಯುತ್ತದೆ, ಕೆಲವರಿಗೆ ನಡುಕ ಬರುತ್ತದೆ. ಲಂಡನ್ನಿನ ಡಾಕ್ಟರ್ ಜೇಮ್ಸ್ ಪಾರ್ಕಿನ್ಸನ್ 1817ರಲ್ಲೇ ಇದನ್ನು ವಿವರಿಸಿ ಬರೆದಿದ್ದರು. ಡೋಪಮೈನ್ ಕೊರತೆ ಅಂತ ತಿಳಿಯಲು ಮಾತ್ರ ನೂರನಲವತ್ತು ವರ್ಷ ಬೇಕಾಯಿತು.

ಆ ಕತೆಯ ಒಂದು ತುದಿ ನಮ್ಮ ಮುಂಬಯಿಯಲ್ಲೇ ಇದೆ. ನಮ್ಮವರಿಗೆ ಇದು ಗೊತ್ತಿರುವುದು ಕಮ್ಮಿ. ಸರ್ಪಗಂಧಿ ಬೇರು ಬಿಪಿ ಇಳಿಸುತ್ತದೆ ಅಂತ ಇಲ್ಲಿನ ಹೃದಯತಜ್ಞ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಜಗತ್ತು ಆ ಬೇರಿನ ಕಡೆ ತಿರುಗಿ ನೋಡಿತು. 1952ರಲ್ಲಿ ಸ್ವಿಟ್ಜರ್ಲೆಂಡಿನವರು ಅದರಿಂದ ರಿಸರ್ಪಿನ್ ತೆಗೆದರು. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಅದೇ ರಿಸರ್ಪಿನ್ ಅನ್ನು ಮೊಲಗಳಿಗೆ ಕೊಟ್ಟರು. ಮೊಲಗಳು ಕೂತಲ್ಲೇ ಕೂತುಬಿಟ್ಟವು. ಮೈಯೊಳಗೆ ಡೋಪಮೈನ್ ಆಗಿ ಬದಲಾಗುವ ಡೋಪಾ ಚುಚ್ಚಿದ ಮೇಲೆ ಎದ್ದು ಓಡಾಡಿದವು. ಅದು 1957. ಡೋಪಮೈನ್ ಕುರಿತ ಆ ಕೆಲಸಕ್ಕೆ 2000ದಲ್ಲಿ ಅವರಿಗೆ ನೊಬೆಲ್ ಬಂತು. ಪಾರ್ಕಿನ್ಸನ್ಸ್‌ನಿಂದ ತೀರಿಕೊಂಡವರ ಮೆದುಳಲ್ಲಿ ಡೋಪಮೈನ್ ತೀರಾ ಕಮ್ಮಿ ಎಂದು ವಿಯೆನ್ನಾದ ಹಾರ್ನಿಕೀವಿಚ್ 1960ರಲ್ಲಿ ತೋರಿಸಿದರು. 1967ರಲ್ಲಿ ಅಮೆರಿಕದ ಜಾರ್ಜ್ ಕೊಟ್ಸಿಯಾಸ್ ಡೋಪಾವನ್ನು ದೊಡ್ಡ ಪ್ರಮಾಣದಲ್ಲಿ ಬಾಯಿಗೇ ಕೊಟ್ಟು ರೋಗಿಗಳನ್ನು ಎಬ್ಬಿಸಿದರು. ಅದರ ಶುದ್ಧ ರೂಪವೇ ಲಿವೋಡೋಪಾ. ಇವತ್ತಿಗೂ ಅದಕ್ಕಿಂತ ಚೆನ್ನಾಗಿ ಕೆಲಸ ಮಾಡುವ ಮಾತ್ರೆ ಇನ್ನೊಂದಿಲ್ಲ.

ಈಗ ತಕರಾರಿಗೆ ಬರುತ್ತೇನೆ.

"ಆ ಮಾತ್ರೆ ಐದು ವರ್ಷ ಮಾತ್ರ ಹಿಡಿಯುವುದು, ಈಗಲೇ ಶುರು ಮಾಡಬೇಡಿ, ಉಳಿಸಿಕೊಳ್ಳಿ." ಮದುವೆ ಮನೆಯಲ್ಲಿ, ಸಂಘದ ಸಭೆಯಲ್ಲಿ ಎಷ್ಟು ಜನ ಹೀಗೆ ಹೇಳಿದ್ದಾರೋ! ಮಾತ್ರೆ ಅಂದರೆ ಬ್ಯಾಂಕಿನ ಎಫ್‌ಡಿಯೇ, ಕೂಡಿಡಲು? ನೆದರ್‌ಲ್ಯಾಂಡ್ಸ್‌ನಲ್ಲಿ 445 ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದರು. ಒಂದು ಗುಂಪಿಗೆ ಲಿವೋಡೋಪಾ ಕೂಡಲೇ ಶುರು, ಇನ್ನೊಂದಕ್ಕೆ 40 ವಾರ ತಡವಾಗಿ. 80 ವಾರದ ಕೊನೆಗೆ ಎರಡೂ ಗುಂಪಿನ ಸ್ಥಿತಿ ಒಂದೇ ಆಗಿತ್ತು. 2019ರಲ್ಲಿ ಇದು ಪ್ರಕಟವಾಯಿತು. ಬೇಗ ತಗೊಂಡವರಿಗೆ ಕೆಡುಕಾಗಲಿಲ್ಲ, ಕಾದವರಿಗೆ ಲಾಭವೂ ಸಿಗಲಿಲ್ಲ. ಮೊದಲ 40 ವಾರ ಸುಮ್ನೆ ಕಷ್ಟಪಟ್ಟದ್ದೇ ಬಂತು. ಆಫ್ರಿಕಾದ ಘಾನಾ ದೇಶದಲ್ಲಿ ಮಾತ್ರೆ ತಡವಾಗಿ ಸಿಗುತ್ತದೆ. ಅಲ್ಲಿನವರನ್ನು ಇಟಲಿಯವರ ಜೊತೆ ಹೋಲಿಸಿ ನೋಡಿದರೆ, ಮಾತ್ರೆಯ ಪರಿಣಾಮ ಏರುಪೇರಾಗುವುದು ರೋಗಕ್ಕೆ ಎಷ್ಟು ವರ್ಷವಾಯಿತು ಅನ್ನುವುದರ ಮೇಲೆ, ಮಾತ್ರೆಗೆ ಎಷ್ಟು ವರ್ಷವಾಯಿತು ಅನ್ನುವುದರ ಮೇಲೆ ಅಲ್ಲ. ಯಾವಾಗ, ಎಷ್ಟು ಅನ್ನುವುದನ್ನು ನಿಮ್ಮ ಡಾಕ್ಟರು ಹೇಳಲಿ. ಮದುವೆ ಮನೆಯವರು ಬೇಡ.

ಶುರು ಮಾಡಿದ ಮೇಲೆ ಹೊತ್ತು ಮುಖ್ಯ. ಬಿಪಿ ಮಾತ್ರೆ ಅರ್ಧ ಗಂಟೆ ಹಿಂದೆಮುಂದೆ ಆದರೆ ನಡೆಯುತ್ತದೆ. ಇದಕ್ಕೆ ಆಗುವುದಿಲ್ಲ. ರೋಗ ಹಳೆಯದಾದಂತೆ ಒಂದು ಡೋಸು ಮೂರು-ನಾಲ್ಕು ಗಂಟೆಯಲ್ಲಿ ಇಳಿದುಬಿಡುತ್ತದೆ. ಇಳಿದಾಗ ನಾವು 'ಆಫ್', ಏರಿದಾಗ 'ಆನ್'. ಆನ್ ಇರುವಾಗ ನೋಡಿದವರು "ಏನೂ ಆಗಿಲ್ಲ, ಚೆನ್ನಾಗಿದ್ದೀರಲ್ಲ" ಅನ್ನುತ್ತಾರೆ. ಆಫ್ ಆದಾಗ ನೋಡಿದವರು ಕಣ್ಣೀರು ಹಾಕುತ್ತಾರೆ. ಎರಡೂ ಒಂದೇ ದಿನದ, ಒಂದೇ ಮನುಷ್ಯ.

ಊಟದ ತಂಟೆಯೂ ಇದೆ. ಬೇಳೆ, ಮೊಸರು, ಮೀನು, ಮೊಟ್ಟೆಯ ಪ್ರೋಟೀನು ಕರುಳಿನಲ್ಲೂ ಮೆದುಳಿನ ಬಾಗಿಲಲ್ಲೂ ಲಿವೋಡೋಪಾದ ಜೊತೆ ಜಾಗಕ್ಕೆ ಜಗಳ ಮಾಡುತ್ತದೆ. ಅದಕ್ಕೇ ಮಾತ್ರೆ ಊಟಕ್ಕೆ ಅರ್ಧ-ಮುಕ್ಕಾಲು ಗಂಟೆ ಮೊದಲು. ನಮ್ಮ ಮನೆಯಲ್ಲಿ ಮೀನು ಸಾರು ನಿಂತಿಲ್ಲ, ಹೆಚ್ಚಾಗಿ ರಾತ್ರಿಗೆ ಹೋಗಿದೆ. ಪ್ರೋಟೀನೇ ಬಿಟ್ಟು ಸೊರಗಿದವರನ್ನೂ ಕಂಡಿದ್ದೇನೆ. ಅದು ಬೇಡ.

ಹರ್ನಿಯಾ ಆಪರೇಷನ್ನಿಗೆ ಅಂತ ಒಂದು ಆಸ್ಪತ್ರೆಯಲ್ಲಿ ಮಲಗಿದ್ದೆ. ಮಾತ್ರೆಗಳನ್ನೆಲ್ಲ ನರ್ಸಮ್ಮ ತೆಗೆದಿಟ್ಟುಕೊಂಡರು. ವಾರ್ಡಿನ ರೌಂಡಿನ ಹೊತ್ತಿಗೇ ಕೊಡುವುದಂತೆ. ನನ್ನ ಹೊತ್ತು ಹೋಯಿತು, ಮೈ ಮರಗಟ್ಟಿತು, ಮಗ್ಗುಲು ಬದಲಿಸಲೂ ಆಗಲಿಲ್ಲ. ಹೆಂಡತಿ ಜಗಳವಾಡಿ ಮಾತ್ರೆ ವಾಪಸ್ ತಂದಳು. (ಅವಳ ಮರಾಠಿ ಜಗಳದಲ್ಲಿ ಮಾತ್ರ ಅದ್ಭುತ.) ಮನೆಯವರು ಇದನ್ನು ಬರೆದಿಟ್ಟುಕೊಳ್ಳಿ: ಪಾರ್ಕಿನ್ಸನ್ಸ್ ಮಾತ್ರೆ ಏಕಾಏಕಿ ನಿಲ್ಲಿಸುವುದು ಅಪಾಯ. ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್, ಗಲಾಟೆ ಮಾಡುವ ರೋಗಿಗೆ ಕೊಡುವ ಹಾಲೋಪೆರಿಡಾಲ್, ಇವೆರಡೂ ಡೋಪಮೈನ್ ತಡೆಯುತ್ತವೆ. ನಮಗೆ ಆಗಿಬರುವುದಿಲ್ಲ. ಸೇರಿಸುವಾಗಲೇ ಹೇಳಿ, ಕಾಗದದಲ್ಲಿ ಬರೆದೇ ಕೊಡಿ.

ಇನ್ನೊಂದು ವಿಷಯ ನಾಚಿಕೆಯಿಂದ ಯಾರೂ ಮಾತಾಡುವುದಿಲ್ಲ. ಪ್ರಾಮಿಪೆಕ್ಸೋಲ್, ರೋಪಿನಿರೋಲ್ ಥರದ ಪಾರ್ಕಿನ್ಸನ್ಸ್ ಮಾತ್ರೆಗಳಿಂದ ಕೆಲವರಿಗೆ ಜೂಜು, ಕಂಡದ್ದೆಲ್ಲ ಕೊಳ್ಳುವ ಚಟ, ಕಾಮದ ಆತುರ ಹತ್ತುತ್ತದೆ. ಜೀವಮಾನವಿಡೀ ಇಸ್ಪೀಟು ಮುಟ್ಟದವರು ಮೊಬೈಲಿನಲ್ಲಿ ದುಡ್ಡು ಕಟ್ಟಿ ಆಡತೊಡಗಬಹುದು. ಅದು ಗುಣ ಕೆಟ್ಟದ್ದಲ್ಲ, ಮದ್ದಿನ ಅಡ್ಡಪರಿಣಾಮ. ಡಾಕ್ಟರಿಗೆ ಹೇಳಿದರೆ ಬದಲಿಸುತ್ತಾರೆ.

ಊರಿಂದ ಬಂದವರು ನಸುಗುನ್ನಿ ಬೀಜದ ಪುಡಿ ತರುತ್ತಾರೆ. ಅದನ್ನು ನಾನು ಗೇಲಿ ಮಾಡುವುದಿಲ್ಲ. ಆ ಬೀಜದಲ್ಲಿ ನಿಜವಾಗಿಯೂ ಲಿವೋಡೋಪಾ ಇದೆ. ಆದರೆ ಯಾವ ಪುಡಿಯಲ್ಲಿ ಎಷ್ಟಿದೆ ಅಂತ ಹೇಳುವವರಿಲ್ಲ. ಡಾಕ್ಟರು ಅಳೆದು ಕೊಟ್ಟದ್ದರ ಮೇಲೆ ಗುಟ್ಟಾಗಿ ಒಂದು ಚಮಚ ಸುರಿದುಕೊಂಡರೆ ಆಮೇಲೆ ಮದ್ದು ಜಾಸ್ತಿಯಾಗಿ ಮೈ ತಾನಾಗಿಯೇ ಕುಣಿಯುವುದಕ್ಕೆ ಯಾರನ್ನು ಬೈಯುವುದು?

ವ್ಯಾಯಾಮ ಅಂದ ಕೂಡಲೇ ನಮ್ಮವರು ಸಂಜೆ ಪಾರ್ಕಿನ ಬೆಂಚು ಹುಡುಕುತ್ತಾರೆ. ಅಷ್ಟು ಸಾಲದು. 2018ರಲ್ಲಿ ಅಮೆರಿಕದಿಂದ ಬಂದ ಒಂದು ಅಧ್ಯಯನದಲ್ಲಿ, ಆಗಷ್ಟೇ ರೋಗ ಪತ್ತೆಯಾದವರನ್ನು 6 ತಿಂಗಳು ಟ್ರೆಡ್‌ಮಿಲ್ ಮೇಲೆ ನಡೆಸಿದರು. ಹೃದಯದ ಬಡಿತ ಗರಿಷ್ಠದ ಶೇ. 80-85 ಮುಟ್ಟುವಷ್ಟು ಜೋರಾಗಿ ನಡೆದ ಗುಂಪಿನಲ್ಲಿ ರೋಗಲಕ್ಷಣ ಹೆಚ್ಚು ಕಮ್ಮಿ ಇದ್ದಲ್ಲೇ ಇತ್ತು. ಏನೂ ಮಾಡದವರದು ಜಾಸ್ತಿಯಾಯಿತು. ಅಂದರೆ ಬೆವರಬೇಕು. ಹೃದಯದ ತೊಂದರೆ ಇದ್ದವರು ಕೇಳಿಕೊಂಡು ಮಾಡಿ.

ಡೊಂಬಿವಲಿಯ ಫುಟ್‌ಪಾತಿನಲ್ಲಿ ಜೋರಾಗಿ ನಡೆಯುವುದು ಹೇಗೆ ಅಂತ ನೀವು ಕೇಳಬಹುದು. ನಾನು ಬಿಲ್ಡಿಂಗಿನ ಮೆಟ್ಟಿಲು ಹತ್ತುತ್ತೇನೆ. ನೋಡಿದವರಿಗೆ ಆಶ್ಚರ್ಯ. ಸಪಾಟು ನೆಲದಲ್ಲಿ, ಲಿಫ್ಟಿನ ಬಾಗಿಲಲ್ಲಿ ಕಾಲು ನೆಲಕ್ಕೆ ಅಂಟಿ ನಿಲ್ಲುವ ಮನುಷ್ಯ ಮೆಟ್ಟಿಲು ಸಲೀಸಾಗಿ ಏರುತ್ತಾನೆ! ನಾಟಕ ಅಲ್ಲ ಮಾರಾಯರೇ. ಮೆಟ್ಟಿಲಿನ ಅಂಚಿನ ಹಾಗೆ ಕಣ್ಣಿಗೆ ಗೆರೆ ಕಂಡರೆ, ಕಿವಿಗೆ ತಾಳ ಬಿದ್ದರೆ ಮೆದುಳು ಬೇರೆ ದಾರಿಯಿಂದ ಕಾಲನ್ನು ಎತ್ತಿಸುತ್ತದೆ. ಮುಲುಂಡಿನ ನನ್ನ ಗೆಳೆಯರೊಬ್ಬರು ಒಂದು ಕಾಲದಲ್ಲಿ ಯಕ್ಷಗಾನದಲ್ಲಿ ಸ್ತ್ರೀವೇಷ ಹಾಕುತ್ತಿದ್ದರು. ಬಾಗಿಲ ದಾರಂದದಲ್ಲಿ ನಿಂತುಬಿಟ್ಟರೆ ಅವರ ಮನೆಯಾಕೆ ಬಾಯಲ್ಲೇ ತಾಳ ಹೇಳುತ್ತಾರೆ, ಇವರು ಹೆಜ್ಜೆ ಎತ್ತಿ ದಾಟುತ್ತಾರೆ. ಕೈ ಹಿಡಿದು ಎಳೆದರೆ ಮಾತ್ರ ಬೀಳುತ್ತಾರೆ. ಪುಣೆಯಲ್ಲಿ ಹೃಷಿಕೇಶ್ ಪವಾರ್ ಅವರು ಪಾರ್ಕಿನ್ಸನ್ಸ್ ಇರುವವರಿಗಾಗಿಯೇ ನೃತ್ಯ ತರಗತಿ ನಡೆಸಿಕೊಂಡು ಬಂದಿದ್ದಾರೆ. ಪುಣೆಯ ಮರಾಠಿಗರ ಪಾರ್ಕಿನ್ಸನ್ಸ್ ಮಿತ್ರಮಂಡಳವೂ ಇದೆ. ಮುಂಬಯಿಯಲ್ಲಿ 2001ರಿಂದ ಪಾರ್ಕಿನ್ಸನ್ಸ್ ಡಿಸೀಸ್ ಅಂಡ್ ಮೂವ್‌ಮೆಂಟ್ ಡಿಸಾರ್ಡರ್ ಸೊಸೈಟಿ ಇದೆ. ರೋಗಿಗಳನ್ನೂ ಮನೆಯವರನ್ನೂ ಒಟ್ಟು ಸೇರಿಸಿ ವ್ಯಾಯಾಮ, ಮಾತು, ಆಟ ಎಲ್ಲ ನಡೆಸುತ್ತಾರೆ.

ಇನ್ನು ಹೊಸ ಸಂಶೋಧನೆ. ನಾನು ನಿರಾಶಾವಾದಿ ಅಲ್ಲ. ಒಳ್ಳೇ ಕೆಲಸ ನಡೆಯುತ್ತಿದೆ. ಆಲ್ಫಾ ಸಿನ್ಯೂಕ್ಲಿನ್ ಅನ್ನುವ ಪ್ರೋಟೀನು ತಪ್ಪಾಗಿ ಮಡಚಿಕೊಂಡು ಕೋಶಗಳಲ್ಲಿ ಗಂಟು ಕಟ್ಟುತ್ತದೆ. ಬೆನ್ನುಹುರಿಯ ಸುತ್ತಲಿನ ದ್ರವದಲ್ಲಿ ಅದನ್ನು ಪತ್ತೆಮಾಡುವ ಪರೀಕ್ಷೆಯ ಫಲಿತಾಂಶ 2023ರಲ್ಲಿ ಬಂತು. ರೋಗ ಇದ್ದ ನೂರರಲ್ಲಿ ಸುಮಾರು 88 ಜನರಲ್ಲಿ ಅದು ಸಿಕ್ಕಿತು. ಇಷ್ಟು ವರ್ಷ ಡಾಕ್ಟರು ನಡಿಗೆ ನೋಡಿ, ಕೈ ತಿರುಗಿಸಿ ಹೇಳಬೇಕಿತ್ತು. ಸ್ಕಾಟ್ಲೆಂಡಿನ ನರ್ಸ್ ಜಾಯ್ ಮಿಲ್ನ್ ಅವರ ಕತೆ ಕೇಳಿದ್ದೀರಾ? ಗಂಡನಿಗೆ ಪಾರ್ಕಿನ್ಸನ್ಸ್ ಪತ್ತೆಯಾಗುವ ಹಲವು ವರ್ಷ ಮೊದಲೇ ಆತನ ಮೈವಾಸನೆ ಬದಲಾದದ್ದು ಈಕೆಗೆ ತಿಳಿದಿತ್ತು. ವಿಜ್ಞಾನಿಗಳು 12 ಟೀ ಶರ್ಟ್ ಕೊಟ್ಟು ಪರೀಕ್ಷಿಸಿದರು. ರೋಗಿಗಳ ಆರೂ ಶರ್ಟು ಗುರುತಿಸಿದರು. ರೋಗ ಇಲ್ಲದ ಒಬ್ಬರದನ್ನೂ ಸೇರಿಸಿದರು. ಅವರಿಗೂ ಆಮೇಲೆ ಪಾರ್ಕಿನ್ಸನ್ಸ್ ಬಂತು! ಈಗ ಚರ್ಮದ ಎಣ್ಣೆಯಿಂದ ರೋಗ ಹಿಡಿಯಬಹುದೇ ಅಂತ ಮ್ಯಾಂಚೆಸ್ಟರಿನಲ್ಲಿ ನೋಡುತ್ತಿದ್ದಾರೆ. ನಮ್ಮ ಮೂಗು ಹೋಗುವ ರೋಗಕ್ಕೆ ಇನ್ನೊಬ್ಬರ ಮೂಗು ದಾರಿ ತೋರಿಸಿತು ನೋಡಿ.

ಸ್ಟೆಮ್ ಸೆಲ್, ಅಂದರೆ ಬೇರೆ ಬೇರೆ ಬಗೆಯ ಕೋಶವಾಗಿ ಬೆಳೆಯಬಲ್ಲ ಮೂಲಕೋಶ, ಅದರ ಸುದ್ದಿಯೇ ನನಗೆ ಜಾಸ್ತಿ ಬರುವುದು. 2025ರ ಏಪ್ರಿಲ್‌ನಲ್ಲಿ ಎರಡು ವರದಿ ಒಟ್ಟಿಗೆ ಬಂದವು. ಜಪಾನಿನ ಕ್ಯೋಟೋದಲ್ಲಿ 7 ಜನ, ಅಮೆರಿಕ-ಕೆನಡಾದಲ್ಲಿ 12 ಜನ. ಲ್ಯಾಬಿನಲ್ಲಿ ಬೆಳೆಸಿದ ಕೋಶಗಳನ್ನು ಮೆದುಳಿಗೆ ಸೇರಿಸಿದರು. ದೊಡ್ಡ ಅಪಾಯ ಆಗಲಿಲ್ಲ, ಕೆಲವರಲ್ಲಿ ಸುಧಾರಣೆ ಕಂಡಿತು. ಸಂತೋಷ. ಆದರೆ ಎರಡೂ ಸೇರಿ 19 ಜನ! ಇಲ್ಲಿ ಲಕ್ಷಗಟ್ಟಲೆ ತೆಗೆದುಕೊಂಡು ಸೊಂಟಕ್ಕೆ ಸ್ಟೆಮ್ ಸೆಲ್ ಚುಚ್ಚುವ ಜಾಹೀರಾತುಗಳಿಗೂ ಇದಕ್ಕೂ ಸಂಬಂಧವಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಲ್ಲಿ ಪಾರ್ಕಿನ್ಸನ್ಸ್‌ಗೆ ಇದು ಒಪ್ಪಿತ ಚಿಕಿತ್ಸೆ ಅಲ್ಲ.

ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಕತೆ ಇನ್ನೊಂದು. 2024ರಲ್ಲಿ ಲಿಕ್ಸಿಸೆನಟೈಡ್ ಕೊಟ್ಟ ಫ್ರಾನ್ಸಿನ ರೋಗಿಗಳಲ್ಲಿ ಒಂದು ವರ್ಷ ರೋಗ ಮುಂದುವರಿಯಲಿಲ್ಲ ಅಂತ ಬಂತು. ಎಲ್ಲರೂ ಕುಣಿದರು. ಮರುವರ್ಷ ಅದೇ ಜಾತಿಯ ಎಕ್ಸೆನಟೈಡ್ ಅನ್ನು ಹೆಚ್ಚು ಜನರಿಗೆ, 96 ವಾರ ಕೊಟ್ಟು ನೋಡಿದರೆ ಏನೂ ವ್ಯತ್ಯಾಸವಿಲ್ಲ. ಮೊದಲನೆಯದು ಹತ್ತು ಸಲ ನನಗೆ ಬಂತು. ಎರಡನೆಯದನ್ನು ಒಬ್ಬರೂ ಕಳಿಸಲಿಲ್ಲ.

ಮೆದುಳಿಗೆ ತಂತಿ ಇಟ್ಟು ಸಣ್ಣಗೆ ಕರೆಂಟು ಕೊಡುವ ಡಿಬಿಎಸ್ ಆಪರೇಷನ್ ಹೊಸದಲ್ಲ. ಫ್ರಾನ್ಸಿನ ಬೆನಾಬಿದ್ 1987ರಲ್ಲೇ ಶುರು ಮಾಡಿದರು. ಖರ್ಚು ಜಾಸ್ತಿ, ಎಲ್ಲರಿಗೂ ಹೊಂದುವುದೂ ಇಲ್ಲ. ಲಿವೋಡೋಪಾಕ್ಕೆ ಚೆನ್ನಾಗಿ ಸ್ಪಂದಿಸುವ, ಆದರೆ ಏರಿಳಿತ ಜಾಸ್ತಿ ಆದವರಿಗೆ ಒಳ್ಳೆಯದು. ನನ್ನ ಡಾಕ್ಟರು ಈಗ ಬೇಡ ಅಂದಿದ್ದಾರೆ. ಸರಿ, ಬೇಡ.

ಒಂದು ಕಾಗದದ ಕೆಲಸ ಹೇಳಿ ಮುಂದೆ ಹೋಗುತ್ತೇನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಪಾರ್ಕಿನ್ಸನ್ಸ್ ಹೆಸರು ಇದೆ. ಅರ್ಹತೆ ಇದ್ದವರು ಸರ್ಟಿಫಿಕೇಟ್ ಮಾಡಿಸಿಕೊಳ್ಳಿ. ನಾಚಿಕೆ ಯಾಕೆ?

ಮುಂಬಯಿಯ ಕನ್ನಡ ಸಂಘಗಳವರಿಗೆ ನನ್ನದೊಂದು ಬೇಡಿಕೆ ಇದೆ. ಪಾರ್ಕಿನ್ಸನ್ಸ್ ದನಿಯನ್ನು ತಗ್ಗಿಸುತ್ತದೆ, ಮುಖದ ಸ್ನಾಯು ಬಿಗಿದು ನಗು ಮೂಡುವುದಿಲ್ಲ. "ಮಾಷ್ಟ್ರಿಗೆ ಸಿಟ್ಟು ಬಂದಿದೆ" ಅಂದುಕೊಂಡು ಜನ ದೂರ ಕೂರುತ್ತಾರೆ. ದನಿಗೆ ಮದ್ದು ಜೋರಾಗಿ ಮಾತಾಡುವ ಅಭ್ಯಾಸವೇ. ಇರುವ ಗುಂಪುಗಳಲ್ಲಿ ಮರಾಠಿ, ಹಿಂದಿ ನಡೆಯುತ್ತದೆ, ಚೆನ್ನಾಗಿಯೇ ನಡೆಯುತ್ತದೆ. ಆದರೆ ಗಂಟಲು ಬಿಚ್ಚಿ ಕೂಗಲು, ಬೈಯಲು, ಪದ ಹೇಳಲು ನಮ್ಮ ಭಾಷೆ ಬೇಕಲ್ವಾ? ನಾಟಕ, ತಾಳಮದ್ದಳೆ, ಸನ್ಮಾನ ಎಲ್ಲಕ್ಕೂ ಹಾಲ್ ಕೊಡುತ್ತೀರಿ. ವಾರದಲ್ಲಿ ಒಂದು ಮಧ್ಯಾಹ್ನ ನಮಗೂ ಕೊಡಿ. ಪೇಪರು ಜೋರಾಗಿ ಓದಿಸುವುದು ನನ್ನ ಜವಾಬ್ದಾರಿ, ನಲವತ್ತು ಹುಡುಗರ ಕ್ಲಾಸು ನಡೆಸಿದವನು. ತಾಳಕ್ಕೆ ಮುಲುಂಡಿನವರು ಬರುತ್ತಾರೆ. ಮೊದಲ ಮಹಡಿಯಾದರೂ ಅಡ್ಡಿಯಿಲ್ಲ, ಮೆಟ್ಟಿಲಿಗೆ ಕಂಬಿ ಇದ್ದರೆ ಸಾಕು. ಕುರ್ಚಿ ಮಾತ್ರ ಕೈ ಇರುವಂಥದ್ದು, ಗಟ್ಟಿಯದು ಬೇಕು. ನಾಲ್ಕು ಗಂಟೆಗೆ ಇಡಿ. ಒಂದೂವರೆಗೆ ಇಟ್ಟರೆ ಅರ್ಧ ಜನ ಆಫ್ ಇರುತ್ತೇವೆ.