ತೊಗರಿ ಇಳುವರಿ ಕುಸಿದಿದ್ದು ಯೂರಿಯಾ ಸಾಲದೆ ಅಲ್ಲ

ಕಲಬುರಗಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡ್ತಿದೆ: ಯೂರಿಯಾ ಕಡಿಮೆ ಹಾಕಿದ್ದಕ್ಕೇ ತೊಗರಿ ಕೈಕೊಟ್ಟಿತು, ಮುಂದಿನ ಸಲ ಜಾಸ್ತಿ ಹಾಕಿ ಅಂತ. ಇದು ತಪ್ಪು. ಯೂರಿಯಾ ಕೊಡೋದು ಸಾರಜನಕ; ಅದನ್ನು ತೊಗರಿ ಬೇರಿನ ಗಂಟುಗಳೇ ಗಾಳಿಯಿಂದ ಹಿಡಿದುಕೊಡುತ್ತವೆ, ಬಿತ್ತುವಾಗ ಸ್ವಲ್ಪ ಕೊಟ್ಟರೆ ಸಾಕು. ಸುಮ್ನೆ ದುಡ್ಡು ಸುರಿಯಬೇಡಿ.

ಕಾರಣ ಹೊಲದಲ್ಲೇ ಹುಡುಕಿ. ಒಣಗಿದ ಗಿಡದ ಬುಡ ಸೀಳಿ ನೋಡಿ, ಒಳಗೆ ಉದ್ದಕ್ಕೆ ಕಂದು-ಕಪ್ಪು ಗೆರೆ ಇದ್ದರೆ ಅದು ನೆಟೆ ರೋಗ, ಅದರ ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತೆ, ಅದೇ ಹೊಲಕ್ಕೆ ಮತ್ತೆ ತೊಗರಿ ಹಾಕಿದರೆ ಮತ್ತೆ ಅದೇ ಗತಿ. ಜೋಳದ ಜೊತೆ ಬೆಳೆ ಬದಲಿಸಿ, ಟಿಎಸ್-3ಆರ್‌ನಂಥ ನೆಟೆ ತಡೆಯುವ ತಳಿ ಬಿತ್ತಿ. ಗಿಡ ಚೆನ್ನಾಗಿದ್ದು ಕಾಯಿಯಲ್ಲಿ ದುಂಡನೆ ತೂತಿದ್ದರೆ ಅದು ಕಾಯಿಕೊರಕ ಹುಳುವಿನ ಕೆಲಸ. ನೀರು ನಿಂತರೂ ತೊಗರಿ ಕೈಕೊಡುತ್ತೆ, ಅದಕ್ಕೆ ಎರಿ (ಕಪ್ಪು ಮಣ್ಣಿನ) ಹೊಲದಲ್ಲಿ ನೀರು ಎಲ್ಲಿ ನಿಂತಿತ್ತು ಅನ್ನೋದನ್ನೂ ಈಗಲೇ ಬರೆದಿಟ್ಟುಕೊಳ್ಳಿ.