ಕರಾರಿನ ಮಾತು ಮುಖ್ಯ ವೇದಿಕೆಗೆ ಬರಲಿ

ಕಲೆ, ಕರಕುಶಲ, ಗೃಹಾಲಂಕಾರಗಳ ಬಗ್ಗೆ ಬ್ಲಾಗ್ ಬರೆಯುವವರಿಗೂ ವಿನ್ಯಾಸವನ್ನೇ ಉದ್ಯಮವಾಗಿಸಿಕೊಂಡವರಿಗೂ ಬೆಂಗಳೂರಿನಲ್ಲಿ ಕಳೆದ ವಾರಾಂತ್ಯ ನಡೆದ ಸಮ್ಮೇಳನದಲ್ಲಿ ನಾನೂ ಭಾಗವಹಿಸಿದ್ದೆ. ಅಲ್ಲಿ ಅತ್ಯಂತ ಉಪಯುಕ್ತವಾಗಿದ್ದ ಗೋಷ್ಠಿ ಮುಖ್ಯ ಸಭಾಂಗಣದಲ್ಲಿ ನಡೆಯಲಿಲ್ಲ. ಎರಡನೆಯ ದಿನ ಊಟವಾದ ಮೇಲೆ, ಮಹಡಿಯ ಸಣ್ಣ ಕೋಣೆಯೊಂದರಲ್ಲಿ, ವಕೀಲರೊಬ್ಬರು ಕರಾರು, ಹಕ್ಕುಸ್ವಾಮ್ಯ ಮತ್ತು ಬಾಕಿ ವಸೂಲಿಯ ಕುರಿತು ಮಾತನಾಡಿದರು. ಕುರ್ಚಿ ಸಾಲದೆ ಎಷ್ಟೋ ಜನ ಗೋಡೆಗೊರಗಿ ನಿಂತೇ ಟಿಪ್ಪಣಿ ಮಾಡಿಕೊಂಡರು. ಇಂಥ ಸಮ್ಮೇಳನಗಳು ನಡೆಯುವುದೇ ಆ ಮಾತಿಗಾಗಿ ಎಂದು ನನಗೆ ಬಲವಾಗಿ ಅನಿಸಿದೆ.

ಮುಖ್ಯ ವೇದಿಕೆಯಲ್ಲಿ ನಡೆದದ್ದೆಲ್ಲ ವ್ಯರ್ಥವೆಂದು ಹೇಳುತ್ತಿಲ್ಲ. ದುಬಾರಿ ದೀಪಗಳಿಲ್ಲದೆ, ಕಿಟಕಿಯ ಬೆಳಕಿನಲ್ಲೇ ಬಟ್ಟೆಯ ನೇಯ್ಗೆ ಎದ್ದು ಕಾಣುವಂತೆ ಫೋಟೊ ತೆಗೆಯುವುದನ್ನು ಒಬ್ಬರು ಸೊಗಸಾಗಿ ತೋರಿಸಿಕೊಟ್ಟರು. ಉಳಿದಂತೆ ಅನುಯಾಯಿಗಳನ್ನು ಹೆಚ್ಚಿಸಿಕೊಳ್ಳುವುದು, ಬ್ರ್ಯಾಂಡ್‌ಗೊಂದು ಕಥೆ ಕಟ್ಟುವುದು, ಈ ವರ್ಷದ ಬಣ್ಣಗಳು ಇವೇ ಹೆಚ್ಚಾಗಿದ್ದವು. ಇವು ಯೂಟ್ಯೂಬಿನಲ್ಲಿ ಧಾರಾಳವಾಗಿ ಸಿಗುತ್ತವೆ. ಕರಾರಿನ ಮಾತು ಹಾಗೆ ಸುಲಭವಾಗಿ ಸಿಗುವುದಿಲ್ಲ, ಸಿಕ್ಕರೂ ನಮ್ಮ ಕೆಲಸಕ್ಕೆ ಹೊಂದಿಸಿ ಹೇಳುವವರು ಕಡಿಮೆ.

ಒಂದು ಉದಾಹರಣೆ ನೋಡಿ. ನಾನು ಬರೆದ ಚಿತ್ರ ನನ್ನದೇ ಎಂದು ನಮ್ಮಲ್ಲಿ ಬಹುತೇಕರು ನಂಬಿದ್ದೇವೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಹಣ ಕೊಟ್ಟು ಹೇಳಿ ಮಾಡಿಸಿದ ಫೋಟೊ, ವರ್ಣಚಿತ್ರ ಅಥವಾ ಭಾವಚಿತ್ರದ ಹಕ್ಕು, ಬೇರೆ ಕರಾರು ಇಲ್ಲದಿದ್ದರೆ, ಮಾಡಿಸಿದವರಿಗೇ ಸೇರುತ್ತದೆ. ಆದರೆ ನಾವೇ ಮೊದಲೇ ಮಾಡಿಟ್ಟ ಕೃತಿಯ ಹಕ್ಕನ್ನು ಇನ್ನೊಬ್ಬರಿಗೆ ಬರೆದುಕೊಡುವಾಗ ಅದೇ ಕಾಯ್ದೆ ನಮ್ಮ ಬೆನ್ನಿಗಿದೆ: ಹಸ್ತಾಂತರ ಲಿಖಿತವಾಗಿರಬೇಕು, ಅವಧಿ ನಮೂದಿಸದಿದ್ದರೆ ಅದು 5 ವರ್ಷಕ್ಕೆ ಸೀಮಿತ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಸೀಮಿತ. ಅಂದರೆ ಕರಾರು ಪತ್ರದ ಎರಡು ಸಾಲುಗಳ ಮೇಲೆ ಒಬ್ಬ ಚಿತ್ರಕಾರನ ವರ್ಷಗಳ ದುಡಿಮೆ ನಿಂತಿರುತ್ತದೆ. ಹೀಗಿರುವಾಗ ವಾಟ್ಸ್ಯಾಪಿನಲ್ಲಿ "ಓಕೆ ಸರ್" ಎಂದು ಕೆಲಸ ಶುರು ಮಾಡುವ ಪದ್ಧತಿ ನಮ್ಮ ವಲಯದಿಂದ ಹೋಗಲೇಬೇಕು.

ಪ್ರಶ್ನೋತ್ತರದ ವೇಳೆಯಲ್ಲಿ ಚನ್ನಪಟ್ಟಣದ ಆಟಿಕೆ ಮಾಡುವ ಮನೆತನದ ಯುವತಿಯೊಬ್ಬಳು ಎದ್ದು ನಿಂತಳು. ಅವಳ ಅಂಗೈಯಲ್ಲಿ ಮರದ ಪುಟ್ಟ ಗೂಬೆಯೊಂದಿತ್ತು. ಅರಗಿನ ಹಳದಿ ಬಣ್ಣ, ಗೆರೆಯಷ್ಟೂ ಎದ್ದು ಕಾಣದ ನುಣುಪು. ತಲೆಯನ್ನು ಅರ್ಧ ಸುತ್ತು ತಿರುಗಿಸಿದರೆ ತೆರೆದ ಕಣ್ಣುಗಳು ಹಿಂದೆ ಸರಿದು, ನಿದ್ದೆಗಣ್ಣಿನ ಇನ್ನೊಂದು ಮುಖ ಮುಂದೆ ಬರುತ್ತಿತ್ತು. "ಸರ್, ಇದು ನಾನೇ ಯೋಚನೆ ಮಾಡಿ ಅಪ್ಪನ ಹತ್ತಿರ ಕಡೆಸಿದ್ದು. ಫೋಟೊ ಹಾಕಿದ ಸ್ವಲ್ಪ ದಿನಕ್ಕೇ ಬೇರೆಯವರು ಇದನ್ನೇ ಮಾರೋಕೆ ಶುರು ಮಾಡಿದರು. ನಮ್ಮೂರಿನ ಆಟಿಕೆಗೆ ಜಿಐ ಇದೆಯಲ್ಲ, ಅದರಿಂದ ತಡೆಯೋಕೆ ಆಗಲ್ವಾ?" ಎಂದು ಕೇಳಿದಳು.

ವಕೀಲರ ಉತ್ತರ ಕಹಿಯಾಗಿತ್ತು. ಜಿಐ, ಅಂದರೆ ಭೌಗೋಳಿಕ ಸೂಚಕ, ರಕ್ಷಿಸುವುದು ಚನ್ನಪಟ್ಟಣದ ಆಟಿಕೆ ಎಂಬ ಹೆಸರನ್ನು, ಆ ಪ್ರದೇಶಕ್ಕೂ ಆ ಕಸುಬಿಗೂ ಇರುವ ನಂಟನ್ನು. ಒಬ್ಬಳು ಹೊಸದಾಗಿ ರೂಪಿಸಿದ ಗೂಬೆಯ ಆಕಾರಕ್ಕೆ ರಕ್ಷಣೆ ಬೇಕಾದರೆ 2000ದ ವಿನ್ಯಾಸ ಕಾಯ್ದೆಯಡಿ ನೋಂದಣಿ ಮಾಡಿಸಬೇಕು; ಆಗ ಮೊದಲು 10 ವರ್ಷ, ನವೀಕರಿಸಿದರೆ ಇನ್ನೂ 5 ವರ್ಷ ರಕ್ಷಣೆ ಸಿಗುತ್ತದೆ. ಆದರೆ ಅರ್ಜಿ ಹಾಕುವ ಮೊದಲೇ ವಿನ್ಯಾಸ ಸಾರ್ವಜನಿಕವಾಗಿ ಪ್ರಕಟವಾಗಿದ್ದರೆ ಅದು ಹೊಸತೆಂದು ಪರಿಗಣಿತವಾಗುವುದಿಲ್ಲ. ನೋಂದಣಿಯಾಗದ ವಿನ್ಯಾಸದ ವಸ್ತುವನ್ನು ಕೈಗಾರಿಕಾ ವಿಧಾನದಲ್ಲಿ 50ಕ್ಕಿಂತ ಹೆಚ್ಚು ಬಾರಿ ತಯಾರಿಸಿದರೆ ಹಕ್ಕುಸ್ವಾಮ್ಯವೂ ಉಳಿಯುವುದಿಲ್ಲ. ಬೆಳಿಗ್ಗೆಯಿಂದ ಮುಖ್ಯ ವೇದಿಕೆಯಲ್ಲಿ "ಮಾಡುತ್ತಿರುವಾಗಲೇ ಹಂಚಿಕೊಳ್ಳಿ, ಪ್ರತಿ ಹಂತವನ್ನೂ ತೋರಿಸಿ" ಎಂದು ಉಪದೇಶಿಸುತ್ತಿದ್ದರು. ಮೊದಲು ಅರ್ಜಿ, ಆಮೇಲೆ ಫೋಟೊ ಎಂಬುದನ್ನು ಅಲ್ಲಿ ಯಾರೂ ಹೇಳಲಿಲ್ಲ. ಇದು ಸಣ್ಣ ಲೋಪವೆಂದು ನನಗೆ ಅನಿಸುವುದಿಲ್ಲ.

ಬಾಕಿ ಹಣದ ವಿಷಯ ಬಂದಾಗ ಕೋಣೆಯಲ್ಲಿ ಎಲ್ಲರ ಹತ್ತಿರವೂ ಒಂದೊಂದು ಕಥೆಯಿತ್ತು. ನನಗೂ ಒಂದು ಸಂಸ್ಥೆ ಕ್ಯಾಲೆಂಡರ್ ಚಿತ್ರಗಳ ಹಣವನ್ನು ಮುಂದಿನ ವರ್ಷದ ಕ್ಯಾಲೆಂಡರ್ ಬರುವವರೆಗೂ ಕೊಟ್ಟಿರಲಿಲ್ಲ. ಇದಕ್ಕೆ ವಕೀಲರು ತೋರಿಸಿದ ದಾರಿ, ಸಣ್ಣ ಉದ್ಯಮಗಳಿಗಾಗಿ ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿ. ಅದು ಉಚಿತ, ಮನೆಯಲ್ಲೇ ಕುಳಿತು ಮಾಡಿಕೊಳ್ಳಬಹುದು. ಹಾಗೆ ನೋಂದಾಯಿಸಿಕೊಂಡ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ, ಒಪ್ಪಂದದಲ್ಲಿ ಏನೇ ಬರೆದಿದ್ದರೂ, 45 ದಿನದೊಳಗೆ ಹಣ ಪಾವತಿಯಾಗಬೇಕೆಂದು 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಕಾಯ್ದೆ ಹೇಳುತ್ತದೆ. ತಪ್ಪಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು. ಬಿಲ್ಲಿನ ಕೆಳಗೆ ಉದ್ಯಮ್ ಸಂಖ್ಯೆಯನ್ನೂ ಈ ನಿಯಮವನ್ನೂ ಒಂದು ಸಾಲಿನಲ್ಲಿ ಮುದ್ರಿಸಿ ಎಂದು ವಕೀಲರು ಹೇಳಿದ್ದು ನನಗೆ ಬಹಳ ಹಿಡಿಸಿತು. ಜಗಳವಿಲ್ಲದೆ ವಿಷಯ ತಿಳಿಸಿದಂತಾಗುತ್ತದೆ.

ಆ ಗೋಷ್ಠಿಯೂ ಬಹುಪಾಲು ಇಂಗ್ಲಿಷಿನಲ್ಲಿ ನಡೆಯಿತು. ಆ ಯುವತಿ ಕನ್ನಡದಲ್ಲಿ ಕೇಳಿದ ಮೇಲೆಯೇ ವಕೀಲರು ಕನ್ನಡಕ್ಕೆ ತಿರುಗಿದರು, ಮತ್ತು ಬಹಳ ಚೆನ್ನಾಗಿ ಮಾತನಾಡಿದರು. ಪ್ರತಿ ಜನವರಿ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆ ನಡೆಯುವ ಊರಿದು. ಇಳಕಲ್ಲಿನ ನೇಕಾರರು, ಬೀದರಿನ ಬಿದರಿ ಕುಶಲಕರ್ಮಿಗಳು, ಧಾರವಾಡದ ಕಡೆ ಕಸೂತಿ ಹಾಕುವ ಹೆಣ್ಣುಮಕ್ಕಳು ಇಂದು ಮೊಬೈಲಿನಲ್ಲೇ ಗಿರಾಕಿಗಳನ್ನು ಹುಡುಕಿಕೊಳ್ಳುತ್ತಿದ್ದಾರೆ. ಅವರೂ ವಿನ್ಯಾಸದ ಉದ್ಯಮಿಗಳೇ. ಬೆಂಗಳೂರಿನಲ್ಲಿ ನಡೆಯುವ ಸಮ್ಮೇಳನ ಅವರ ಭಾಷೆಯಲ್ಲಿ ಅವರ ಹಕ್ಕನ್ನು ಹೇಳದಿದ್ದರೆ ಇನ್ನೆಲ್ಲಿ ಹೇಳಬೇಕು? ಆಯೋಜಕರಿಗೆ ನಾನು ಇದನ್ನೇ ಬರೆದು ತಿಳಿಸಿದ್ದೇನೆ: ಮುಂದಿನ ಸಲ ಈ ಗೋಷ್ಠಿ ಮೊದಲ ದಿನ ಬೆಳಿಗ್ಗೆ ಮುಖ್ಯ ಸಭಾಂಗಣದಲ್ಲಿ ನಡೆಯಲಿ, ಕನ್ನಡದಲ್ಲಿ ನಡೆಯಲಿ, ಕುಶಲಕರ್ಮಿಗಳಿಗೆ ಪ್ರವೇಶ ಶುಲ್ಕ ಬೇಡ.

ಈ ನಡುವೆ, ವಕೀಲರು ಹಂಚಿದ ಒಂದು ಪುಟದ ಮಾದರಿ ಕರಾರನ್ನು ಅವರ ಅನುಮತಿ ಪಡೆದು ನಾವು ಕೆಲವರು ಕನ್ನಡಕ್ಕೆ ತರುತ್ತಿದ್ದೇವೆ. ಕಾನೂನಿನ ಕನ್ನಡದಲ್ಲಿ ಪಳಗಿದವರು ಯಾರಾದರೂ ಒಮ್ಮೆ ತಿದ್ದಿಕೊಡುವುದಾದರೆ ದಯವಿಟ್ಟು ಕೆಳಗೆ ತಿಳಿಸಿ. ಕರಡು ಸಿದ್ಧವಾಗಿದೆ.