ಬಣ್ಣ ಆರಿಸುವ ಮೊದಲು ಗೋಡೆಯನ್ನು ನೋಡಿ

ನಿನ್ನೆ ಬದಿಯಡ್ಕದ ಕಡೆ ಬಂಧುಗಳ ಹೊಸ ಮನೆಗೆ ಹೋಗಿದ್ದೆ. ಒಕ್ಕಲಾಗಿ ಒಂದು ಮಳೆಗಾಲ ಕಳೆದಿದೆ, ಅಷ್ಟೇ. ಅಡುಗೆಮನೆಯ ಗೋಡೆಗೆ ಒರಗಿ ನಿಂತವರ ಅಂಗಿಯ ಬೆನ್ನೆಲ್ಲ ಬಿಳಿ ಹುಡಿ. ಒಲೆಯ ಹಿಂದಿನ ಒಗ್ಗರಣೆಯ ಕಲೆಯನ್ನು ಅತ್ತಿಗೆ ಒದ್ದೆ ಬಟ್ಟೆಯಿಂದ ಒರೆಸಿದರು. ಕಲೆ ಅಲ್ಲೇ ಉಳಿಯಿತು, ಬಣ್ಣ ಬಟ್ಟೆಗೆ ಬಂತು. ಡಿಸ್ಟೆಂಪರ್, ಸೀಮೆಸುಣ್ಣದ ಹುಡಿ ಬೆರೆತ ಅಗ್ಗದ ಬಣ್ಣ! "ಬಣ್ಣ ಆರಿಸಲಿಕ್ಕೇ ತಿಂಗಳು ಹಿಡಿಯಿತು" ಎಂದರು. ನನಗೆ ಸಿಟ್ಟು ಬಂದದ್ದು ಆಗಲೇ. ಹಸಿರೋ ಹಳದಿಯೋ ಎಂಬುದಕ್ಕೆ ತಿಂಗಳು ಕೊಡುವ ನಾವು ಯಾವ ಗೋಡೆಗೆ ಯಾವ ಬಗೆಯ ಪೈಂಟ್ ಎಂದು ಯಾರನ್ನೂ ಕೇಳುವುದಿಲ್ಲ.

ನಮ್ಮ ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿದ ಮಳೆ. ಗೋಡೆಗಳು ಮುರಕಲ್ಲಿನವು, ಮೈಯೆಲ್ಲ ತೂತು, ನೀರು ಕಂಡರೆ ಹೀರುತ್ತವೆ. ಅಂಥ ಗೋಡೆಗೆ ಹೊಳಪು ಬೇಕೆಂದು ಎಣ್ಣೆ ಪೈಂಟ್ ಬಳಿದರೆ ಒಳಗಿನ ಪಸೆಗೆ ಹೊರಬರಲು ದಾರಿಯಿರುವುದಿಲ್ಲ. ಬಣ್ಣ ಹಪ್ಪಳದಂತೆ ಉಬ್ಬುತ್ತದೆ. ಹೊಸ ಸಾರಣೆಯಾದರೆ ಸಿಮೆಂಟಿನ ಕ್ಷಾರವೂ ಸೇರಿ ಆ ಎಣ್ಣೆಯನ್ನು ಸಾಬೂನಾಗಿಸಿಬಿಡುತ್ತದೆ. ಸಾರಣೆ 28 ದಿನವಾದರೂ ಒಣಗಬೇಕು, ನಮ್ಮ ಹವೆಯಲ್ಲಿ ಇನ್ನೂ ಹೆಚ್ಚು. ಆದರೆ ಒಕ್ಕಲಿನ ಮುಹೂರ್ತ ನಿಶ್ಚಯವಾಗಿರುತ್ತದೆ, ಹಸಿ ಗೋಡೆಗೇ ನುಣುಪು ಮಾಡುವ ಪುಟ್ಟಿ ಹಚ್ಚಿಸುತ್ತೇವೆ!

ಅಡುಗೆಮನೆಗೆ ತೊಳೆಯಲು ಬರುವ, ತುಸು ಮಿರುಗುವ ಅಕ್ರಿಲಿಕ್ ಇಮಲ್ಷನ್ (ನೀರಿನಲ್ಲಿ ಕಲಸುವ ಪ್ಲಾಸ್ಟಿಕ್ ಪೈಂಟ್) ಬೇಕು. ಬಚ್ಚಲುಮನೆಗೆ ಬೂಷ್ಟು ತಡೆಯುವಂಥದು. ಮಾಡಿನ ಒಳಮೈಗೆ ಮಾತ್ರ ಹೊಳಪು ಬೇಡವೇ ಬೇಡ, ದೀಪ ಹಾಕಿದೊಡನೆ ಕರಣೆಯ ಒಂದೊಂದು ಗೆರೆಯೂ ಎದ್ದು ಕಾಣುತ್ತದೆ. ಡಿಸ್ಟೆಂಪರ್ ಬೇಕೆಂದಿದ್ದರೆ ಅಲ್ಲಿರಲಿ, ಕೈ ತಾಗದ ಒಣ ಜಾಗದಲ್ಲಿ. ಮರದ ಬಾಗಿಲಿಗೆ ಮೊದಲು ಬಣ್ಣ ಹಿಡಿಸುವ ಅಡಿಪದರ, ಅಂದರೆ ಮರದ ಪ್ರೈಮರ್, ಮೇಲೆ ಎನಾಮಲ್ ಎಂಬ ಹೊಳಪಿನ ಎಣ್ಣೆ ಪೈಂಟ್. ಕುಂಬಳೆ, ಮಂಜೇಶ್ವರದ ಕಡಲ ಬದಿಯವರು ಕಿಟಕಿಯ ಸರಳುಗಳ ತುಕ್ಕನ್ನು ಕೆರೆದು ಲೋಹದ ಪ್ರೈಮರ್ ಕೊಡದೆ ಬಣ್ಣ ಮುಟ್ಟಲೇಬಾರದು, ಉಪ್ಪುಗಾಳಿ ಬಿಡುವುದಿಲ್ಲ.

ಖರ್ಚು ಎನ್ನುತ್ತೀರಿ. ಡಿಸ್ಟೆಂಪರ್ ಅಗ್ಗ ನಿಜ. ಪೈಂಟರನ ಸಂಬಳ ಅಗ್ಗವೇ? ಹುಡಿ ಬಿಡುವ ಆ ಪದರದ ಮೇಲೆ ಇಮಲ್ಷನ್ ಹಿಡಿಯುವುದಿಲ್ಲ, ಕೆರೆದು ತೆಗೆಯಲು ಮತ್ತೆ ಸಂಬಳ ಕೊಡಬೇಕು. ಇದು ಉಳಿತಾಯವಲ್ಲ.

ಇಷ್ಟು ಸಿಟ್ಟು ಏಕೆಂದು ಕೇಳಬಹುದು. ನನ್ನ ಅಮ್ಮನಿಗೆ ಉಬ್ಬಸವಿತ್ತು. ಮಳೆಗಾಲದ ಆಟಿ ತಿಂಗಳಲ್ಲಿ ಅವರ ಮಂಚದ ಹಿಂದಿನ ಮೂಲೆ ಬೂಷ್ಟಿನಿಂದ ಕಪ್ಪಾಗುತ್ತಿತ್ತು, ರಾತ್ರಿಯಿಡೀ ಅವರು ಎದ್ದು ಕೂತಿರುತ್ತಿದ್ದರು. ಗೋಡೆಯ ವಿಷಯ ನನಗೆ ಅಂದಚಂದದ ವಿಷಯವಲ್ಲ.

ಹಳೆಯ ಮನೆಯವರಿಗೆ ಇನ್ನೊಂದು ಮಾತು. ಮನೆಬಳಕೆಯ ಪೈಂಟಿನಲ್ಲಿ ವಿಷವಾದ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಿಂದಿನ ಬಾಗಿಲು, ಕಿಟಕಿಗಳ ಎನಾಮಲ್‌ನಲ್ಲಿ ಸೀಸ ಇರಬಹುದು. ಅಕ್ಟೋಬರ್-ನವೆಂಬರಿನ ತುಲಾ ಮಳೆ ನಿಂತ ಮೇಲೆ ಬಣ್ಣದ ಕೆಲಸಕ್ಕೆ ಹೊರಡುವವರು ಅದನ್ನು ಒಣ ಮರಳುಕಾಗದದಿಂದ ಉಜ್ಜಿಸಬೇಡಿ, ಒದ್ದೆ ಮಾಡಿ ಉಜ್ಜಿಸಿ. ಹುಡಿ ಗುಡಿಸದೆ ಒರೆಸಿ ತೆಗೆಯಿರಿ. ಅದು ಮುಗಿಯುವವರೆಗೆ ಸಣ್ಣ ಮಕ್ಕಳನ್ನೂ ಬಸುರಿಯರನ್ನೂ ಅಜ್ಜಿಮನೆಗೆ ಕಳುಹಿಸಿಬಿಡಿ.